ಮೆಣಸಿನ ರಾಣಿಯ ನಾಡಿನಲ್ಲಿ ಒಂದು ದಿನ

ಕುಮಟೆಯ ಉತ್ತರಕ್ಕೆ, ಅಘನಾಶಿನಿಯ ದಡಕ್ಕೆ ಸಮೀಪವಾಗಿ, ಇಮ್ಮಡಿ ಪ್ರಾಕಾರ, ಉನ್ನತವಾದ ಕೊತ್ತಳ, ಸುತ್ತುಗಂದಕಗಳಿಂದ ಕೂಡಿ, ವರ್ಷಾಕಾಲದಲ್ಲಿ ಹಾವಸೆಯಿಂದ ಹಸುರೇರಿ ನಿಲ್ಲುವ ಮಿರ್ಜಾನ ಕೋಟೆಯಿಂದಲೇ ಕರಾವಳಿಯ ಒಂದು ದಿನದ ಸಂದರ್ಶನವನ್ನು ಆರಂಭಿಸುವುದು ಯುಕ್ತ. ಅದರ ಜಂಬಿಟ್ಟಿಗೆಯನ್ನು ಕೈಯಿಂದ ಸವರಿ ನೋಡಬೇಕು: ಮೈಯೆಲ್ಲ ಜೇನುಹುಟ್ಟಿನಂತೆ ರಂಧ್ರಮಯ. ನೆಲದಿಂದ ಕಡಿಯುವಾಗ ಮೃದುವಾಗಿದ್ದು, ಗಾಳಿ ತಗುಲಿದಂತೆಲ್ಲ ಗಡುಸಾಗುವುದು ಈ ಶಿಲೆಯ ಗುಣ. ಒಳಗಿನ ಆಳವಾದ ಬಾವಿಗಳನ್ನು ನೋಡಿದರೆ, ಮುತ್ತಿಗೆಯ ಭಯವೆಂಬುದು ಇಲ್ಲಿ ಎಷ್ಟು ನಿತ್ಯದ ಸಂಗತಿಯಾಗಿತ್ತೆಂಬುದು ತಿಳಿಯುತ್ತದೆ.

ಕೋಟೆಯ ನಿರ್ಮಾಣಶ್ರೇಯಸ್ಸನ್ನು ಜನಶ್ರುತಿಯು 16ನೆಯ ಶತಮಾನದ ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಗೆ ಸಲ್ಲಿಸುತ್ತದೆ. ಘಟ್ಟದ ಕಾಳುಮೆಣಸು ಹೊಳೆಗಳ ಮಾರ್ಗವಾಗಿ ಇವಳ ರೇವುಗಳಿಗಿಳಿದು ಕಡಲು ದಾಟುತ್ತಿದ್ದುದರಿಂದ ಪೋರ್ಚುಗೀಸರು ಇವಳನ್ನು ಮೆಣಸಿನ ರಾಣಿಯೆಂದೇ ಕರೆದರು. ಕರೆದವರೇ 1569ರಲ್ಲಿ ಇವಳ ಹೊನ್ನಾವರವನ್ನು ಆಕ್ರಮಿಸಿದರೆಂಬುದು ಅವರ ಗೌರವದ ಪರಿಮಿತಿಯನ್ನು ತೋರಿಸುತ್ತದೆ.

ಹೊನ್ನಾವರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದುದಿಲ್ಲ. ಅಲ್ಲಿಂದ ಶರಾವತಿಯ ಪ್ರವಾಹಕ್ಕೆ ಎದುರಾಗಿ ಸಾಗಿದರೆ ಗೇರುಸೊಪ್ಪೆ. ಕೆಳದಿಯ ವೆಂಕಟಪ್ಪನಾಯಕನಿಗೆ ಈ ರಾಜ್ಯವು ವಶವಾದ ತರುವಾಯ, 1623ರಲ್ಲಿ, ಇದೇ ಜಲಮಾರ್ಗವಾಗಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡದ್ದು ಪಾಳುಬಿದ್ದು ಮರಗಿಡಗಳಿಂದಾವೃತವಾದ ಪಟ್ಟಣವನ್ನು. ಇಂದು ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ದ್ವಾರಗಳುಳ್ಳ ಚತುರ್ಮುಖ ಬಸದಿಯು ಆ ಪಟ್ಟಣದ ಗತವೈಭವಕ್ಕೆ ಪ್ರಮುಖ ಸಾಕ್ಷಿಯಾಗಿದೆ. ಮಾರ್ಗದರ್ಶಿಗಳು ಜೋಗ ಜಲಪಾತಕ್ಕೆ ಧಾವಿಸುವ ಅವಸರದಲ್ಲಿ ಇದನ್ನು ಬಿಟ್ಟುಬಿಡುವುದುಂಟು; ವಾಚಕರು ಒಪ್ಪಬಾರದು.