ಕರಗದ ಗಂಧಕ

ಹೆಸರು, ಉದ್ದಿನ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿ ರೋಗ ಕಂಡರೆ ಕಮಲಾಪುರದ ಹೊಲಕ್ಕಾಗಲಿ, ಕಲಬುರಗಿ ಸುತ್ತಲಿನ ಹೊಲಕ್ಕಾಗಲಿ ಸಿಗುವ ಸಲಹೆ ಒಂದೇ: ಲೀಟರ್ ನೀರಿಗೆ 3 ಗ್ರಾಂ ‘ನೀರಿನಲ್ಲಿ ಕರಗುವ ಗಂಧಕ’. ಪತ್ರಿಕೆಗಳ ಕೃಷಿ ಪುಟದಲ್ಲೂ ಕರಪತ್ರದಲ್ಲೂ ಈ ಮಾತು ಬೇರುಬಿಟ್ಟಿದೆ. ಆದರೆ ಗಂಧಕ ನೀರಿನಲ್ಲಿ ಕರಗುವುದೇ ಇಲ್ಲ. ಉಪ್ಪು ಕರಗುತ್ತದೆ, ಬೆಲ್ಲ ಕರಗುತ್ತದೆ. ಬರೀ ಗಂಧಕದ ಪುಡಿ ಉದುರಿಸಿ ನೋಡಿ, ತೊಯ್ಯಲೂ ಒಲ್ಲದೆ ಮೇಲೆಯೇ ತೇಲುತ್ತದೆ. ಅದನ್ನು ನೀರಿಗೆ ಒಗ್ಗಿಸಲೆಂದೇ ನೂರಕ್ಕೆ 80 ಪಾಲು ಗಂಧಕಕ್ಕೆ ತೋಯಿಸುವ, ಚದುರಿಸುವ ಪದಾರ್ಥ ಬೆರೆಸಿ ಮಾರುತ್ತಾರೆ. ಬಕೆಟ್ಟಿನಲ್ಲಿ ಕಾಣುವ ಆ ತಿಳಿಹಳದಿ ನೀರು ದ್ರಾವಣವಲ್ಲ, ನೀರಿನಲ್ಲಿ ತೇಲಾಡುವ ಸಣ್ಣ ಸಣ್ಣ ಕಣ. ಸ್ವಲ್ಪ ಹೊತ್ತು ಬಿಟ್ಟರೆ ತಳಕ್ಕೆ ಕೂರುತ್ತದೆ.

ಹೆಸರಿನಲ್ಲಿ ಇಷ್ಟು ತಪ್ಪು ಎಲ್ಲೆಡೆ ಇರುತ್ತದಲ್ಲ ಎನ್ನಬಹುದು. ‘ಗಂಧಕ’ದಲ್ಲೇ ಗಂಧವಿದೆ, ಶುದ್ಧ ಗಂಧಕಕ್ಕೆ ವಾಸನೆಯೇ ಇಲ್ಲವೆನ್ನುವಷ್ಟು ಕಡಿಮೆ, ಮೂಗಿಗೆ ಬಡಿಯುವುದು ಅದು ಸುಟ್ಟಾಗ. ನಮ್ಮ ಕಡೆ ಪುಡಿ ಬೆರೆಸಿ ಸಿಂಪಡಿಸಿದರೂ ‘ಎಣ್ಣಿ ಹೊಡೆಯುವುದು’ ಎಂದೇ ಹೇಳುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ, ಒಪ್ಪುತ್ತೇನೆ. ಆದರೆ ‘ಕರಗುವ’ ಬರೀ ಹೆಸರಲ್ಲ, ಕೈಗೆ ಕೊಡುವ ಸೂಚನೆ. ಕರಗುತ್ತದೆಂದು ನಂಬಿದವರು ಒಮ್ಮೆ ತಿರುವಿ ಪಂಪಿಗೆ ಸುರಿಯುತ್ತಾರೆ. ಮೊದಲ ಸಾಲಿಗೆ ಒಂದು ಪ್ರಮಾಣ, ಕೊನೆಯ ಸಾಲಿಗೆ ಇನ್ನೊಂದು ಬೀಳುತ್ತದೆ, ನಾಜಲ್ ಕಟ್ಟುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಎಂಬ ದೂರು ಆಮೇಲೆ. ತಪ್ಪು ಅರ್ಧ ಆ ಕ್ರಿಯಾಪದದ್ದು.

ಹಾಗಾದರೆ ‘ಗಂಧಕೀಕರಣ’ದಂಥ ಶಾಸ್ತ್ರೀಯ ಪದ ಬೇಕೇ? ಬೇಡ. ಸಕ್ಕರೆ ಕಾರ್ಖಾನೆಯಲ್ಲಿ ಗಂಧಕ ಸುಟ್ಟ ಅನಿಲವನ್ನು ಕಬ್ಬಿನ ರಸಕ್ಕೆ ಹಾಯಿಸುತ್ತಾರೆ, ವಿಜಯಪುರದ ಒಣದ್ರಾಕ್ಷಿಗೆ ಹಳದಿ ಬರಲೆಂದು ಹೊಗೆ ಕೊಡುತ್ತಾರೆ, ರಬ್ಬರಿಗೆ ಬೆರೆಸಿ ಕಾಯಿಸುತ್ತಾರೆ. ಹಾಯಿಸು, ಹೊಗೆ ಕೊಡು, ಬೆರೆಸಿ ಕಾಯಿಸು: ಕೈ ಏನು ಮಾಡಬೇಕೆಂಬುದು ಈ ಮಾತುಗಳಲ್ಲೇ ಇದೆ. ಒಂದು ಸಂಸ್ಕೃತ ಸಮಾಸದಲ್ಲಿ ಮೂರನ್ನೂ ತುರುಕಿದರೆ ಕೆಲಸವೇ ಕಣ್ಮರೆಯಾಗುತ್ತದೆ. ಬೆಲ್ಲಕ್ಕೆ ಬಣ್ಣ ಬರಿಸುವ ‘ಹೈಡ್ರೋಸ್’ನಲ್ಲಿ ಆಗಿರುವುದೂ ಅದೇ, ಗಂಧಕದ ಆ ಲವಣವನ್ನು ಹೆಸರು ಪೂರ್ತಿ ಮುಚ್ಚಿಬಿಟ್ಟಿದೆ.

ಆದ್ದರಿಂದ ಕೃಷಿ ಪುಟ ಬರೆಯುವವರಲ್ಲಿ, ಅಂಗಡಿಯ ಚೀಟಿ ಬರೆದುಕೊಡುವವರಲ್ಲಿ ನನ್ನದೊಂದು ಕೋರಿಕೆ. ‘ನೀರಿನಲ್ಲಿ ಕಲಸುವ ಗಂಧಕ’ ಎಂದು ಬರೆಯಿರಿ. ಜೊತೆಗೆ ಇನ್ನೊಂದು ಸಾಲು ಸೇರಿಸಿ: ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಹೊಡೆಯುವಾಗ ಆಗಾಗ ಪಂಪ್ ಅಲುಗಿಸಿ.