ಡ್ರಾ ಕೇಳುವ ಹೊತ್ತು

ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರಿನ ಶಾಲಾ ಚೆಸ್ ಪಂದ್ಯಗಳಲ್ಲಿ ತೀರ್ಪುಗಾರನಾಗಿ ನಿಂತಾಗ ನನ್ನ ಕಿವಿಗೆ ಹೆಚ್ಚು ಬಿದ್ದ ಮಾತು ಇದು: “ಡ್ರಾ ಮಾಡ್ಕಳನ ಬುಡ್ಲಾ.” ನಿಯಮ ಬೇರೆ. ತನ್ನ ನಡೆ ಆಡಿ, ಗಡಿಯಾರ ಒತ್ತುವ ಮುನ್ನ ಕೇಳಬೇಕು. ಕೇಳಿದ ಮೇಲೆ ಹಿಂತೆಗೆಯುವಂತಿಲ್ಲ. ಎದುರಾಳಿ ಬೇಡವೆನ್ನಬಹುದು, ಆಡಲೆಂದು ಕಾಯಿ ಮುಟ್ಟಿದರೂ ಬೇಡವೆಂದೇ ಲೆಕ್ಕ. ಸುಮ್ಮಸುಮ್ಮನೆ ಮತ್ತೆ ಮತ್ತೆ ಕೇಳಿದರೆ ಅದು ಎದುರಾಳಿಗೆ ಕೊಡುವ ಕಿರುಕುಳ. ಅಂಥವರನ್ನು ನಾನು ಎಚ್ಚರಿಸುತ್ತೇನೆ.

ಚೆಸ್ ಬಯಸುವ ಮೌನ ನಮ್ಮ ಜಗಲಿಯ ರೂಢಿಯಲ್ಲ. ಚೌಕಾಬಾರವಾಗಲಿ, ಹುಲಿ-ಕುರಿಯಾಗಲಿ, ಸುತ್ತ ಕೂತವರೆಲ್ಲ ಸಲಹೆಗಾರರೇ. ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೌನದ ಆಟವೂ ನಮಗೆ ಹೊಸದಲ್ಲ: ಈ ಸೀಮೆಯೂ ಸೇರಿದ್ದ ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ಒಬ್ಬರೇ ಕೂತು ಬಿಡಿಸುವ ಆಟ. ಅಲ್ಲಿ ರಾಜಿಗೆ ಜಾಗವೇ ಇಲ್ಲ.

ರಾಜಿಯ ಡ್ರಾ ದೊಡ್ಡ ಜಗಳವಾದದ್ದು 1962ರಲ್ಲಿ. ಕುರಾಸಾವ್‌ನ ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್ನರ ಸವಾಲುಗಾರನನ್ನು ಆರಿಸುವ) ಪಂದ್ಯಾವಳಿಯಲ್ಲಿ ಸೋವಿಯತ್ ಆಟಗಾರರಾದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮತಮ್ಮೊಳಗಿನ 12 ಆಟಗಳನ್ನೂ ಡ್ರಾ ಮಾಡಿಕೊಂಡರು. ಅದು ಒಳಒಪ್ಪಂದವೆಂದು ಅಲ್ಲೇ ಆಡಿದ್ದ ಅಮೆರಿಕದ ಫಿಷರ್ ಬಹಿರಂಗವಾಗಿ ದೂರಿದರು. 2005ರಲ್ಲಿ ಸೋಫಿಯಾದಲ್ಲಿ ನಡೆದ ಪಂದ್ಯಾವಳಿ ಆಟಗಾರರು ನೇರವಾಗಿ ಡ್ರಾ ಮಾತಾಡುವುದನ್ನೇ ತಡೆಯಿತು.

ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅಂಥ ಕನಸು ಮಂಡ್ಯದ ಮಕ್ಕಳಿಗೂ ಇರುವಾಗ ಸೋಫಿಯಾದ ಕಟ್ಟುಪಾಡು ಇಲ್ಲಿಗೂ ಬರಲಿ ಎಂಬುದು ನನ್ನ ಒತ್ತಾಯ. ಹತ್ತನೇ ನಡೆಗೇ ಕೈಕುಲುಕಿ ಎದ್ದರೆ ಆನೆಗಳ ಅಂತ್ಯದಾಟ ಕಲಿಯುವುದು ಯಾವಾಗ?