ಎಡೆದೊರೆಯ ಕಲ್ಲುಗಳು: ಧರೂರಿನಿಂದ ರಾಯಚೂರು ಕೋಟೆಗೆ ಒಂದು ಚಳಿಗಾಲದ ಯಾತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಈ ನೆಲವನ್ನು ತೆಲುಗು ಬಾಂಧವರು ‘ನಡಿಗಡ್ಡ’ ಎಂದು ಕರೆಯುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಇದೇ ಎರಡು ನದಿಗಳ ನಡುವಣ ನಾಡಿಗೆ ಪೂರ್ವಕಾಲದಲ್ಲಿ ‘ಎಡೆದೊರೆ’ ಎಂಬ ಕನ್ನಡದ ಹೆಸರಿದ್ದಿತೆಂಬುದನ್ನು ಬಲ್ಲವರು ಮಾತ್ರ ವಿರಳ. ಎಡೆಯೆಂದರೆ ನಡುವೆ, ತೊರೆಯೆಂದರೆ ಹೊಳೆ. ನಡಿಗಡ್ಡವೆಂಬ ಮಾತಾದರೂ ನಮ್ಮ ನಡುಗಡ್ಡೆಯ ಒಡಹುಟ್ಟೇ ಸರಿ. ಎರಡು ಭಾಷೆಗಳವರು ಒಂದೇ ನೆಲವನ್ನು ನೋಡಿ, ಒಂದೇ ಅರ್ಥದ ಎರಡು ಹೆಸರುಗಳನ್ನು ಇಟ್ಟರು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ವಿಷಯದ ಬೀಜವು ಇಷ್ಟರಲ್ಲಿಯೇ ಅಡಗಿದೆ.

ಮಾರ್ಗಶಿರ ಮಾಸದ ಒಂದು ಭಾನುವಾರ, ನಮ್ಮ ಸಂಘದ ತರುಣರೂ ಹಿರಿಯರೂ ಕೂಡಿ ಹದಿನಾಲ್ಕು ಮೋಟಾರು ಸೈಕಲ್ಲುಗಳ ಮೇಲೆ ರಾಯಚೂರು ಕೋಟೆಯನ್ನು ನೋಡಿ ಬರಲು ಹೊರಟೆವು. ಮಕ್ತಲ್ ಮತ್ತು ನಾರಾಯಣಪೇಟೆಯ ಮಿತ್ರರು ಹಿಂದಿನ ಸಂಜೆಯೇ ಜುರಾಲಾ ಅಣೆಕಟ್ಟಿನ ಮೇಲಿನ ದಾರಿಯಿಂದ ಕೃಷ್ಣೆಯನ್ನು ದಾಟಿ ಧರೂರಿಗೆ ಬಂದು ತಂಗಿದ್ದರು. ಮನೆಯ ತಾಯಂದಿರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಬುತ್ತಿಯನ್ನು ಕಟ್ಟಿಕೊಟ್ಟರು. ಎಂಬತ್ತು ದಾಟಿದ ಹಿರಿಯರೊಬ್ಬರು, “ನಾನೂ ಬರ್ತೀನಿ” ಎಂದು ಹಟ ಹಿಡಿದಾಗ ಮೊದಲು ಎಲ್ಲರೂ ಅಂಜಿದೆವು. ಮೊಮ್ಮಗನು ಅವರಿಗೆ ಕಂಬಳಿ ಹೊದಿಸಿ, ತಲೆಗೆ ಶಿರಸ್ತ್ರಾಣವನ್ನು ಬಿಗಿದು, ತನ್ನ ಹಿಂದೆ ಕೂರಿಸಿಕೊಂಡನು. ಹನ್ನೆರಡು ವರ್ಷದ ಮರಿಮಗನು ಬೇರೊಂದು ಗಾಡಿಯಲ್ಲಿ ಕುಳಿತನು.

ಆ ಹಿರಿಯರ ಹಟಕ್ಕೆ ಕಾರಣವಿದ್ದಿತು. 1956ಕ್ಕೆ ಮುಂಚೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಅವರ ತಂದೆಯವರು ಕೋರ್ಟು ಕಚೇರಿಯ ಕೆಲಸಕ್ಕೆ ರಾಯಚೂರಿಗೇ ಹೋಗುತ್ತಿದ್ದರು. ಬಾಲಕರಾಗಿದ್ದ ಇವರು ಒಮ್ಮೆ ಬಂಡಿಯಲ್ಲಿ ಜೊತೆಗೆ ಹೋಗಿ ಕೋಟೆಯ ಬಾಗಿಲನ್ನು ಕಂಡಿದ್ದರು. 1956ನೆಯ ನವೆಂಬರ್ 1ರಂದು ಭಾಷಾನುಗುಣವಾಗಿ ರಾಜ್ಯಗಳು ಪುನರ್ವಿಂಗಡಣೆಯಾದಾಗ, ರಾಯಚೂರು ಜಿಲ್ಲೆಯ ಉಳಿದ ಭಾಗವು ಮೈಸೂರು ರಾಜ್ಯಕ್ಕೂ, ಗದ್ವಾಲ ಆಲಂಪುರಗಳು ಆಂಧ್ರಪ್ರದೇಶಕ್ಕೂ ಸಂದವು. ನಮ್ಮ ಊರುಗಳು ಮಹಬೂಬನಗರ ಜಿಲ್ಲೆಗೆ ಸೇರಿದವು. ಹೀಗೆ, ಒಂದು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಆ ಬಾಲಕನ ಜಿಲ್ಲೆಯು ಬದಲಾಗಿ ಹೋಯಿತು. ಮುಂದೆ 2014ರಲ್ಲಿ ರಾಜ್ಯ ಬದಲಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಉದಯಿಸಿದವು. ಮನೆಯನ್ನು ಬಿಟ್ಟು ಕದಲದೆಯೇ ಮೂರು ರಾಜ್ಯಗಳ ಪ್ರಜೆಯಾದವರು ನಮ್ಮ ಹಿರಿಯರು.

ಸೂರ್ಯೋದಯಕ್ಕೆ ಮುನ್ನವೇ ಹೊರಟೆವು. ಮಂಜು ಹೊಲಗಳ ಮೇಲೆ ಮಲಗಿತ್ತು, ಕೈಬೆರಳುಗಳು ಮರಗಟ್ಟಿದ್ದವು. ನಾವು ಪಡುವಣಕ್ಕೆ ಮುಖಮಾಡಿದ್ದುದರಿಂದ ಎಳೆಬಿಸಿಲು ಮೊದಲು ಬೆನ್ನಿಗೆ ತಾಗಿತು. ಒಂದು ಹಳ್ಳಿಯ ಬಳಿ ರಸ್ತೆಯ ಅರ್ಧಕ್ಕೆ ಒಣಹಾಕಿದ್ದ ಭತ್ತದ ಮೇಲೆ ತರುಣನೊಬ್ಬನ ಗಾಡಿ ಜಾರಿ, ಮೊಣಕೈ ತರಚಿತು. ಭತ್ತದ ಒಡೆಯನು ಓಡಿ ಬಂದು ನೀರು ಕೊಟ್ಟು, ಅರಿಸಿನ ಹಚ್ಚಿ ಬಟ್ಟೆ ಕಟ್ಟಿದನು. ಅವನು ತೆಲುಗಿನಲ್ಲಿ ಮರುಗಿದನು, ನಮ್ಮವರು ಕನ್ನಡದಲ್ಲಿ ಸಮಾಧಾನ ಹೇಳಿದರು; ಇಬ್ಬರಿಗೂ ದುಭಾಷಿಯು ಬೇಕಾಗಲಿಲ್ಲ. ಗಡಿಯನ್ನು ದಾಟಿದಾಗ ಹತ್ತಿಯ ಹೊಲವು ಎರಡೂ ಕಡೆಗೆ ಒಂದೇ ಬಗೆಯಾಗಿ ಹಬ್ಬಿತ್ತು. ನಾಮಫಲಕದ ಲಿಪಿ ಮಾತ್ರ ಬೇರೆಯಾಯಿತು.

ರಾಯಚೂರು ಕೋಟೆಯು ಬೆಟ್ಟದ ಬುಡದಲ್ಲಿ ಎರಡು ಸುತ್ತುಗಳಾಗಿ ಕಟ್ಟಲ್ಪಟ್ಟಿದೆ. ಒಳಸುತ್ತಿನ ಗೋಡೆಯು ಪ್ರಾಚೀನವಾದುದು. ಭಾರೀ ಗಾತ್ರದ ಕಲ್ಲುಗಳನ್ನು ನಯವಾಗಿ ಕಡೆದು ಗಾರೆಯ ಸಹಾಯವಿಲ್ಲದೆ ಒಂದರ ಮೇಲೊಂದನ್ನು ಕೂರಿಸಿದ್ದಾರೆ. ಹೊರಸುತ್ತು ಬಹಮನಿ ಮತ್ತು ಆದಿಲಶಾಹಿ ಅರಸರ ಕಾಲದ್ದು. ಮೆಕ್ಕಾ ದರವಾಜಾ, ನೌರಂಗಿ ದರವಾಜಾ, ಕಾಟೀ ದರವಾಜಾ ಮೊದಲಾದ ಬಾಗಿಲುಗಳ ಹೆಸರುಗಳೇ ಆ ಕಾಲದ ಕತೆಯನ್ನು ಹೇಳುತ್ತವೆ. ಆ ಅರಸರು ಬರೆಯಿಸಿದ ಪಾರಸಿ ಶಾಸನಗಳೂ ಇಲ್ಲಿವೆ.

ಒಳಕೋಟೆಯ ಪಡುವಣ ಗೋಡೆಯಲ್ಲಿರುವ ಒಂದು ಹಾಸುಗಲ್ಲನ್ನು ನೋಡಿ ನಾವೆಲ್ಲರೂ ಮಾತಿಲ್ಲದೆ ನಿಂತೆವು. ಅದರ ಉದ್ದ 41 ಅಡಿಗಳಿಗೂ ಮಿಕ್ಕಿದ್ದು. ಕ್ರಿ. ಶ. 1294ರಲ್ಲಿ, ಕಾಕತೀಯರ ಸೇನಾನಿಯಾದ ವಿಠ್ಠಲನಾಥನ ಆಜ್ಞೆಯಂತೆ ಗೋರೆ ಗಂಗಯ್ಯ ರೆಡ್ಡಿಯು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನವು ಸಾರುತ್ತದೆ. ಶಾಸನದ ಭಾಷೆ ತೆಲುಗು. ಬಳಿಯಲ್ಲಿಯೇ ಒಂದು ರೇಖಾಚಿತ್ರವನ್ನು ಕಲ್ಲಿನಲ್ಲಿ ಕೊರೆದಿದ್ದಾರೆ: ಆ ಹಾಸುಗಲ್ಲನ್ನು ಹೊತ್ತ ಉದ್ದನೆಯ ಬಂಡಿ, ಅದನ್ನೆಳೆಯುವ ಜಾನುವಾರುಗಳ ದೀರ್ಘವಾದ ಸಾಲು, ಸನ್ನೆಗೋಲು ಹಾಕಿ ಗಾಲಿಗಳನ್ನು ಮುಂದೂಡುತ್ತಿರುವ ಆಳುಗಳು. ಅರಸರ ಬಿರುದಾವಳಿಯನ್ನು ಹೊತ್ತ ಶಾಸನಗಳು ನಾಡಿನಲ್ಲಿ ಸಾವಿರಾರಿವೆ. ಕಲ್ಲನ್ನು ಎಳೆದವರ ಶ್ರಮಕ್ಕೆ ಇಂಥ ಸಾಕ್ಷಿಯು ದೊರೆಯುವುದು ಅಪರೂಪ.

ಮರಿಮಗನು ಬಹಳ ಹೊತ್ತು ನೋಡಿ ಕೇಳಿದನು: “ತಾತಾ, ಇದು ತೆಲುಗು ಅಂತಾರೆ. ಹಂಗಾದ್ರೆ ಈ ಕೋಟೆ ನಮ್ಮದೋ, ಅವರದೋ?”

ಹಿರಿಯರು ಆ ಬಂಡಿಯ ಚಿತ್ರವನ್ನು ತೋರಿಸಿ ಹೇಳಿದರು: “ಬರೆಸಿದವರು ತೆಲುಗಿನಾಗ ಬರೆಸ್ಯಾರ. ಈ ಬಂಡಿ ಹೊಡೆದವರು ಯಾವ ಮಾತಿನಾಗ ದನಗಳನ್ನ ಕೂಗಿದರೋ, ಅದನ್ನ ಯಾರು ಬಲ್ಲರು ಮಗಾ?”

ಆ ಮಾತಿಗೆ ನಾವು ಚರಿತ್ರೆಯ ಬೆಂಬಲವನ್ನು ಕೂಡಿಸಬಹುದು. ಆ ಕಾಲದಲ್ಲಿ ಕನ್ನಡ ತೆಲುಗುಗಳ ಲಿಪಿಗಳು ಇಂದಿನಷ್ಟು ಬೇರ್ಪಟ್ಟಿರಲಿಲ್ಲ. ಎರಡು ಭಾಷೆಗಳೂ ಬಹುಮಟ್ಟಿಗೆ ಒಂದೇ ಅಕ್ಷರಗಳಲ್ಲಿ ಬರೆಯಲ್ಪಡುತ್ತಿದ್ದವು. ಇನ್ನು ನಮ್ಮ ಮೂಡಲಿಗಿರುವ ಆಲಂಪುರವನ್ನು ನೋಡಿರಿ. ಅಲ್ಲಿಯ ನವಬ್ರಹ್ಮ ದೇವಾಲಯಗಳು ಬಾದಾಮಿಯ ಚಾಲುಕ್ಯರ ಕಾಲದವು. ಸ್ವರ್ಗಬ್ರಹ್ಮ ದೇವಾಲಯವು 7ನೆಯ ಶತಮಾನದ ಕೊನೆಯಲ್ಲಿ ಆಳಿದ ವಿನಯಾದಿತ್ಯನ ಕಾಲದ್ದು. ಕಲ್ಯಾಣದ ಚಾಲುಕ್ಯರು ಅಲ್ಲಿ ಕನ್ನಡ ಶಾಸನಗಳನ್ನು ಬರೆಯಿಸಿದ್ದಾರೆ. ಕರ್ನಾಟಕದೊಳಗಿನ ರಾಯಚೂರಿನ ಕಲ್ಲು ತೆಲುಗನ್ನಾಡುತ್ತದೆ. ತೆಲಂಗಾಣದೊಳಗಿನ ಆಲಂಪುರದ ಕಲ್ಲು ಕನ್ನಡವನ್ನಾಡುತ್ತದೆ. 1956ರ ಗೆರೆಯನ್ನು ಕಲ್ಲುಗಳು ಅರಿಯವು.

ಈ ಕೋಟೆಗಾಗಿ ಹರಿದ ರಕ್ತವು ಅಲ್ಪವಲ್ಲ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಈ ದೋಆಬಿನ ಫಲವತ್ತಾದ ಭೂಮಿಗಾಗಿ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಶ್ರೀಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ, ಬಿಜಾಪುರದ ಇಸ್ಮಾಯಿಲ್ ಆದಿಲಶಹನು ಕೃಷ್ಣೆಯನ್ನು ದಾಟಿ ಬಂದು ಎದುರಾದನು. ಪೋರ್ಚುಗೀಸನಾದ ನೂನಿಜನು ಆ ಸಮರದ ವಿವರವನ್ನು ಬರೆದಿಟ್ಟಿದ್ದಾನೆ. ಆದಿಲಶಹನ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಪಡೆಯು ಮೊದಲು ಹಿಂಜರಿಯಿತು. ರಾಯನು ಸ್ವತಃ ಮುನ್ನುಗ್ಗಿ ಸೈನ್ಯವನ್ನು ಹುರಿದುಂಬಿಸಿದಾಗ ಯುದ್ಧದ ಗತಿ ತಿರುಗಿತು. ಓಡಿದ ಸೈನಿಕರು ಹೊಳೆಯಲ್ಲಿ ಗುಂಪುಗುಂಪಾಗಿ ಮುಳುಗಿ ಸತ್ತರು. ಅನಂತರ ಮುತ್ತಿಗೆಯು ಮುಂದುವರಿದಾಗ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಬಂದೂಕುಗಾರರು ಕೋಟೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಕೆಡಹಿದರು. ಕೋಟೆಯು ರಾಯನ ವಶವಾಯಿತು. ಆದರೆ 1565ರ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ ಅದು ಮತ್ತೆ ಬಿಜಾಪುರದ ಕೈಸೇರಿತು. ಮುಂದೆ ಮೊಗಲರು, ಆಮೇಲೆ ನಿಜಾಮರು, 1853ರಿಂದ 1860ರವರೆಗೆ ಇಂಗ್ಲಿಷರು, ಮರಳಿ ನಿಜಾಮರು. ಬೆಟ್ಟದ ಮೇಲಿನ ಬಾಲಾಹಿಸ್ಸಾರದ ಬಳಿ ಕುಳಿತು ಬುತ್ತಿಯನ್ನು ಬಿಚ್ಚಿದಾಗ, ಕೆಳಗೆ ಶಾಂತವಾಗಿದ್ದ ಪಟ್ಟಣವನ್ನು ನೋಡಿ, ಇಷ್ಟು ಒಡೆಯರು ಬಂದು ಹೋದ ನೆಲದಲ್ಲಿ ಬೇಸಾಯಗಾರನೊಬ್ಬನೇ ಉಳಿದನಲ್ಲಾ ಎಂದು ನಮಗೆ ಅನ್ನಿಸಿತು.

ಹಿರಿಯರು ಬೆಟ್ಟವನ್ನು ಏರಲಿಲ್ಲ. ನಾವು ಇಳಿದು ಬಂದಾಗ ಅವರು ಬಾಲ್ಯದಲ್ಲಿ ಕಂಡ ಬಾಗಿಲ ಬಳಿ, ಬಿಸಿಲಿನಲ್ಲಿ ಕಲ್ಲಿಗೆ ಒರಗಿ ಕುಳಿತಿದ್ದರು. “ಆಗ ಇನ್ನೂ ದೊಡ್ಡದು ಕಂಡಿತ್ತು” ಎಂದಷ್ಟೇ ಅಂದರು. ಅವರ ತಂದೆಯ ಜಿಲ್ಲೆಗೆ ಅವರು ಅತಿಥಿಯಾಗಿ ಬಂದಿದ್ದರು.

ಮರಳುವಾಗ ನಮ್ಮ ಮನಸ್ಸಿನಲ್ಲಿದ್ದ ಚಿಂತೆಯನ್ನು ಇಲ್ಲಿ ಮರೆಮಾಚದೆ ಅರಿಕೆ ಮಾಡುತ್ತೇವೆ. ನಮ್ಮ ಗಡಿಯ ಊರುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಪಠ್ಯಪುಸ್ತಕಗಳನ್ನು ತೆಲಂಗಾಣ ಸರ್ಕಾರವೇ ಕನ್ನಡದಲ್ಲಿ ಅಚ್ಚುಮಾಡಿಸುತ್ತಿದೆ. ಆದರೂ ಮಗುವನ್ನು ಈ ಶಾಲೆಗೆ ಕಳುಹಿಸಲೇ ಬೇಡವೇ ಎಂಬ ಪ್ರಶ್ನೆಯು ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಏಳುತ್ತದೆ. ಆ ಪ್ರಶ್ನೆಯನ್ನು ಕೇಳುವ ತಂದೆತಾಯಿಗಳನ್ನು ನಾವು ಹಳಿಯುವುದಿಲ್ಲ. ಉದ್ಯೋಗದ ಅಂಜಿಕೆಯು ಸುಳ್ಳಲ್ಲ. ನಾವು ಹೇಳುವುದು ಇಷ್ಟೇ: ತೆಲುಗನ್ನೂ ಇಂಗ್ಲಿಷನ್ನೂ ಮಗು ಚೆನ್ನಾಗಿ ಕಲಿಯಲಿ, ಕನ್ನಡವನ್ನು ಬಿಟ್ಟು ಕಲಿಯುವುದು ಬೇಡ. ರಾಯಚೂರಿನಲ್ಲಿ ಆ ಹಾಸುಗಲ್ಲಿನ ಮುಂದೆ ನಿಂತಾಗ, ನಮ್ಮ ಹುಡುಗರು ಎರಡು ಲಿಪಿಗಳನ್ನೂ ಬಲ್ಲವರಾದ್ದರಿಂದ, “ಇದು ಗಕಾರ, ಇದು ರಕಾರ” ಎಂದು ಬೆರಳಿಟ್ಟು ಗುರುತಿಸಲು ತೊಡಗಿದರು. ಎಲ್ಲವೂ ಸರಿಯಿದ್ದವೆಂದು ಹೇಳಲಾರೆವು. ಆದರೆ ಎರಡೂ ನುಡಿಗಳನ್ನು ಬಲ್ಲ ಗಡಿಯ ಮಕ್ಕಳಿಗೆ ಈ ನೆಲದ ಚರಿತ್ರೆಯನ್ನು ಓದುವ ಯೋಗ್ಯತೆಯು ಸಹಜವಾಗಿಯೇ ಒದಗಿದೆಯೆಂಬುದನ್ನು ಅಂದು ಕಣ್ಣಾರೆ ಕಂಡೆವು. ಒಂದನ್ನು ಮರೆತರೆ ಅರ್ಧ ಚರಿತ್ರೆಯು ಅವರ ಪಾಲಿಗೆ ಮೂಕವಾಗುತ್ತದೆ.

ಸಂಜೆಯ ಚಳಿ ಏರುವ ಮುನ್ನ ಧರೂರನ್ನು ಸೇರಿದೆವು. ಬರುವ ಚಳಿಗಾಲಕ್ಕೆ ಮಸ್ಕಿಗೆ ಹೋಗಬೇಕೆಂದು ತರುಣರು ಈಗಲೇ ನಿಶ್ಚಯಿಸಿದ್ದಾರೆ. ಅಶೋಕನ ಹೆಸರನ್ನೇ ಹೊತ್ತ ಬಂಡೆಗಲ್ಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದುದು ಅಲ್ಲಿಯೇ. ಅದಕ್ಕೆ ಮುನ್ನ ಒಮ್ಮೆ ಆಲಂಪುರಕ್ಕೆ ಹೋಗಿ ಬರೋಣವೆಂದು ಹಿರಿಯರ ಅಪ್ಪಣೆಯಾಗಿದೆ. ತಂದೆತಾಯಿಗಳು ಮಕ್ಕಳನ್ನು ನಮ್ಮೊಡನೆ ಕಳುಹಿಸಿಕೊಡಬೇಕೆಂದು ಸಂಘದ ಪರವಾಗಿ ಪ್ರಾರ್ಥಿಸುತ್ತೇವೆ. ಬುತ್ತಿಗೆ ರೊಟ್ಟಿಯನ್ನು ಕಟ್ಟಿಕೊಟ್ಟರೆ ಸಾಕು; ಉಳಿದುದನ್ನು ಕಲ್ಲುಗಳು ಹೇಳಿಕೊಡುತ್ತವೆ.